ಘಟ, ತಿಗುರಿ, ಆವಿಗೆ

ತರ್ಕಶಾಸ್ತ್ರದ ಪಾಠಕ್ಕೆ ಕುಳಿತ ವಿದ್ಯಾರ್ಥಿಯು ಮೊದಮೊದಲಲ್ಲೇ ಎದುರುಗೊಳ್ಳುವ ವಸ್ತು ಘಟ. ಕಪಾಲಗಳು ಸಮವಾಯಿಕಾರಣ, ಅವುಗಳ ಸಂಯೋಗ ಅಸಮವಾಯಿಕಾರಣ. ಕುಲಾಲ, ದಂಡ, ಚಕ್ರಗಳು ನಿಮಿತ್ತಕಾರಣ ಎಂದು ಆತನು ತಡವರಿಸದೆ ಒಪ್ಪಿಸುತ್ತಾನೆ. ಆದರೆ ತಿಗುರಿಯ ಮೇಲೆ ಮಣ್ಣು ಏಳುವುದನ್ನು ಕಣ್ಣಾರೆ ಕಂಡವರು ಅವರಲ್ಲಿ ಎಷ್ಟು ಮಂದಿ? ಇತ್ತ ವಿಜ್ಞಾನವನ್ನೋದುವ ಬಾಲಕನಾದರೋ ಸಿರಾಮಿಕ್ಸ್ ಎಂಬುದು ಕಾರ್ಖಾನೆಯ ವಿದ್ಯೆಯೆಂದೂ ಕುಂಬಾರಿಕೆ ಓದುಬರಹವಿಲ್ಲದವರ ದುಡಿಮೆಯೆಂದೂ ಭಾವಿಸಿರುತ್ತಾನೆ. ಇಬ್ಬರದೂ ಅರೆತಿಳಿವಳಿಕೆಯೇ.

ಕುಂಬಾರನು ಕೆರೆಯ ಜೇಡಿಯನ್ನು ತಂದು ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ನೀರೂಡಿಸಿ ತುಳಿಯುತ್ತಾನೆ. ತುಳಿತದಿಂದ ಮಣ್ಣು ಹದವಾಗುವುದಲ್ಲದೆ ಒಳಗಿನ ಗಾಳಿಯೂ ಹೊರಬೀಳುತ್ತದೆ. ಬರಿಯ ಜೇಡಿ ಒಣಗುವಾಗ ಅತಿಯಾಗಿ ಕುಗ್ಗಿ ಬಿರಿಯುವುದರಿಂದ ನುಣ್ಣನೆಯ ಮರಳನ್ನೋ ಬೂದಿಯನ್ನೋ ಬೆರೆಸುವುದುಂಟು. ತಿಗುರಿಯ ಮೇಲೆ ರೂಪುಗೊಳ್ಳುವುದು ಮುಖ್ಯವಾಗಿ ಬಾಯಿ, ಕತ್ತು. ಹೊಟ್ಟೆ ದಪ್ಪವಾಗಿಯೇ ಉಳಿಯುತ್ತದೆ. ಅರೆ ಒಣಗಿದ ಮೇಲೆ ಒಳಗೆ ಕಲ್ಲಿನ ಗುಂಡನ್ನು ಒತ್ತಿಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿ ತಟ್ಟಿ ಅದನ್ನು ತೆಳುವಾಗಿ ದುಂಡಗೆ ಮಾಡುವನು. ಶಾಸ್ತ್ರದ ಉದಾಹರಣೆಯಲ್ಲಿ ಚಕ್ರಕ್ಕೆ ದೊರೆತ ಗೌರವ ಈ ಹಲಗೆಗೆ ದೊರೆಯದಿರುವುದು ಸೋಜಿಗ.

ಸುಡುವ ವಿಷಯದಲ್ಲಿ ಮಾತ್ರ ನಮ್ಮ ಪ್ರಾಚೀನರು ಆಳವಾಗಿಯೇ ಚಿಂತಿಸಿದ್ದಾರೆ. ಬೆಂಕಿಯಲ್ಲಿ ಮಡಕೆ ಪರಮಾಣುಗಳಾಗಿ ಬಿಡಿಬಿಡಿಯಾಗಿ, ಬಣ್ಣ ಬದಲಾದ ಬಳಿಕ ಮತ್ತೆ ಕೂಡಿಕೊಳ್ಳುತ್ತದೆಂಬುದು ವೈಶೇಷಿಕರ ಪೀಲುಪಾಕವಾದ. ಮಡಕೆ ಇಡಿಯಾಗಿಯೇ ಬೇಯುತ್ತದೆ, ಅದರ ರಂಧ್ರಗಳಲ್ಲಿ ತೇಜಸ್ಸು ಹೊಗುತ್ತದೆ ಎಂಬುದು ನೈಯಾಯಿಕರ ಪಿಠರಪಾಕವಾದ. ಇಂದಿನ ವಿಜ್ಞಾನದ ಪ್ರಕಾರ ಸುಮಾರು 450ರಿಂದ 600 ಡಿಗ್ರಿ ಸೆಂಟಿಗ್ರೇಡಿನ ನಡುವೆ ಜೇಡಿಯ ಖನಿಜದೊಳಗೆ ಬಂಧಿತವಾದ ನೀರು ಹೊರಟುಹೋಗುತ್ತದೆ. ಆ ಮೇಲೆ ಅದು ನೀರಿನಲ್ಲಿ ಕರಗಿ ಕೆಸರಾಗದು. 573 ಡಿಗ್ರಿಯಲ್ಲಿ ಮರಳಿನ ಹರಳುಗಳು ತಟ್ಟನೆ ಹಿಗ್ಗುತ್ತವೆ. ಆವಿಗೆಯನ್ನು ಮೆಲ್ಲಮೆಲ್ಲನೆ ಕಾಯಿಸಿ ಮೆಲ್ಲನೆ ಆರಿಸುವ ಕುಂಬಾರನ ತಾಳ್ಮೆಯ ಗುಟ್ಟು ಇದು. ಗಾಳಿ ಆಡಿದರೆ ಮಣ್ಣಿನ ಕಬ್ಬಿಣದಂಶ ಕೆಂಪೇರುವುದು, ಹೊಗೆ ಕವಿಸಿದರೆ ಮಡಕೆ ಕಪ್ಪಾಗುವುದು. ಬದಲಾವಣೆ ಕಣಕಣದಲ್ಲಿಯೂ ಆಗುವುದು ನಿಜ, ಆದರೆ ಮಡಕೆ ಎಲ್ಲಿಯೂ ಕಳಚಿಹೋಗದು. ಆವಿಗೆಯ ಮುಂದೆ ನಿಂತವರಿಗೆ ನೈಯಾಯಿಕ ಪಕ್ಷವೇ ಪ್ರಬಲವೆನಿಸದಿರದು.

ಪಿಂಗಾಣಿಯ ದಾರಿ ಬೇರೆ. ಬಿಳಿಜೇಡಿ, ಬೆಣಚುಕಲ್ಲು, ಫೆಲ್ಡ್‌ಸ್ಪಾರ್‌ಗಳ ನುಣ್ಪುಡಿಯನ್ನು ಕೂಡಿಸಿ 1200 ಡಿಗ್ರಿಗೂ ಮೀರಿ ಸುಟ್ಟಾಗ ಫೆಲ್ಡ್‌ಸ್ಪಾರ್ ಕರಗಿ, ಗಾಜಾಗಿ, ರಂಧ್ರಗಳನ್ನು ತುಂಬುತ್ತದೆ. ಮೇಲಿನ ಹೊಳಪೂ ಗಾಜಿನ ತೆಳುಲೇಪವೇ. 1976ರಲ್ಲಿ ಭಾರತ್ ಹೆವಿ ಎಲೆಕ್ಟ್ರಿಕಲ್ಸ್‌ಗೆ ಸೇರಿದ ಬೆಂಗಳೂರಿನ ಪಿಂಗಾಣಿ ಕಾರ್ಖಾನೆಯು ವಿದ್ಯುತ್ತಂತಿಗಳ ನಿರೋಧಕಗಳನ್ನು ತಯಾರಿಸಿದ್ದು ಈ ತತ್ತ್ವದ ಮೇಲೆಯೇ. ಆದರೆ ಬೇಸಗೆಯ ಗಡಿಗೆಗೆ ರಂಧ್ರಗಳೇ ಜೀವ. ಅವುಗಳಿಂದ ಜಿನುಗಿದ ನೀರು ಆವಿಯಾಗುತ್ತ ಒಳಗಿನದನ್ನು ತಣಿಸುತ್ತದೆ. ಒಂದರ ಗುಣ ಮತ್ತೊಂದಕ್ಕೆ ದೋಷವಾಗಿರುವಲ್ಲಿ ಇದು ಮೇಲು, ಅದು ಕೀಳು ಎಂಬ ಎಣಿಕೆಗೆ ಆಧಾರವೆಲ್ಲಿ?

ಹೀಗಿದ್ದರೂ ತಿಗುರಿ, ಆವಿಗೆ ಎಂಬ ಅಚ್ಚಗನ್ನಡದ ಮಾತುಗಳೇ ಮಕ್ಕಳಿಗೆ ಅಪರಿಚಿತವಾಗುತ್ತಿವೆ. ಕುಂಬಾರರ ಮನೆಯ ಹುಡುಗನು ತರಗತಿಯಲ್ಲಿ ತಂದೆಯ ಕಸುಬನ್ನು ಹೇಳಲು ನಾಚಿ ತಲೆತಗ್ಗಿಸುವಂತಾದರೆ ತಪ್ಪು ಪಾಠಕ್ರಮದ್ದು, ಹುಡುಗನದಲ್ಲ. ವರ್ಷಕ್ಕೊಮ್ಮೆಯಾದರೂ ವಿಜ್ಞಾನದ ಮತ್ತು ಕನ್ನಡದ ಉಪಾಧ್ಯಾಯರು ಒಟ್ಟಾಗಿ ಮಕ್ಕಳನ್ನು ಆವಿಗೆಯ ಬಳಿಗೆ ಕರೆದೊಯ್ಯಲಿ. ಕುಂಬಾರನು ಶಾಲೆಗೆ ಬಂದು ತಿಗುರಿ ತಿರುಗಿಸುವ ದಿನ, ಇತರ ಉಪನ್ಯಾಸಕರಿಗೆ ಸಲ್ಲುವ ಆಸನವೂ ಸಂಭಾವನೆಯೂ ಅವನಿಗೆ ಸಲ್ಲಲಿ.