ಪುಣ್ಯದ ಕೆಲಸಕ್ಕೆ ಸಂಬಳ ಯಾಕೆ?

ಹಳ್ಳಿಗಳಲ್ಲಿ ಆರೋಗ್ಯದ ಕೆಲಸ ಮಾಡುವವರ ವಿಚಾರ ಬಂದರೆ ‘ಪುಣ್ಯದ ಕೆಲಸ’ ಎಂಬ ಮಾತು ಹಿಂದೆಯೇ ಬರುತ್ತದೆ. ಸಭೆಯಲ್ಲಿ ಶಾಲು ಹೊದಿಸುವವರೂ ಹೇಳುತ್ತಾರೆ, ಬಿಲ್ಲು ತಡೆಹಿಡಿದು ಕೂತವರೂ ಹೇಳುತ್ತಾರೆ. ಮಾತು ಸುಳ್ಳಲ್ಲ. ಆದರೆ ನಗರದ ದೊಡ್ಡ ಆಸ್ಪತ್ರೆಯ ಸರ್ಜನ್ನರಿಗೆ ಫೀಸು ಕೊಡುವಾಗ ಯಾರೂ ಪುಣ್ಯದ ಲೆಕ್ಕ ತೆಗೆಯುವುದಿಲ್ಲ, ಅದನ್ನೂ ಗಮನಿಸಬೇಕು.

ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಸಂಗಡಿಗರು ಪಿಟ್ಸ್‌ಬರ್ಗ್ ಸುತ್ತಲಿನ ಸುಮಾರು 200 ಎಂಜಿನಿಯರುಗಳನ್ನೂ ಲೆಕ್ಕಿಗರನ್ನೂ ಮಾತಾಡಿಸಿ 1959ರಲ್ಲಿ ಒಂದು ವಿಚಾರ ಮುಂದಿಟ್ಟರು. ಸಂಬಳ, ಮೇಲಧಿಕಾರಿಯ ನಡವಳಿಕೆ, ಕಚೇರಿಯ ಕಟ್ಟಳೆ ಕೆಟ್ಟರೆ ಮನುಷ್ಯನಿಗೆ ಅಸಮಾಧಾನ. ಅವು ಸರಿಯಿದ್ದ ಮಾತ್ರಕ್ಕೆ ತೃಪ್ತಿ ಹುಟ್ಟದು, ಗೊಣಗಾಟ ನಿಲ್ಲುತ್ತದೆ ಅಷ್ಟೆ. ತೃಪ್ತಿ ಬರುವುದು ಕೆಲಸದೊಳಗಿಂದ: ಏನನ್ನೋ ಸಾಧಿಸಿದೆ, ಅದನ್ನು ನಾಲ್ಕು ಜನ ಕಂಡರು ಎಂಬುದರಿಂದ. ಈ ಸಿದ್ಧಾಂತಕ್ಕೆ ಆಕ್ಷೇಪಗಳೂ ಬಂದಿವೆ. ಆದರೂ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಅರ್ಥ ಮಾಡಿಕೊಳ್ಳಲು ಅದು ಸಾಕಷ್ಟು ಒದಗುತ್ತದೆ. ಯಾಕೆಂದರೆ ಇಲ್ಲಿ ಒಂದೇ ಸೂರಿನ ಕೆಳಗೆ ಎರಡು ತದ್ವಿರುದ್ಧ ಕೊರತೆಗಳಿವೆ.

ಆಶಾ ಕಾರ್ಯಕರ್ತೆಯನ್ನು ನೋಡಿ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಬಂದ ಹುದ್ದೆ. ಸಾವಿರ ಜನಕ್ಕೆ ಒಬ್ಬಳು, ಅದೇ ಊರಿನವಳು. ನಡುರಾತ್ರಿ ಹೆರಿಗೆ ನೋವು ಎಂದರೆ ಆಂಬುಲೆನ್ಸಿಗೆ ಫೋನ್ ಮಾಡಿ ಜೊತೆಗೆ ಹೋಗುವವಳು ಅವಳೇ. ಬಾಣಂತಿ ಮನೆಗೆ ಬಂದ ಮೇಲೆ 3, 7, 14, 21, 28, 42ನೇ ದಿನ ಹೋಗಿ ಕೂಸಿನ ತೂಕ ನೋಡಬೇಕು, ಮೈ ಬಿಸಿ ನೋಡಬೇಕು, ಹೊಕ್ಕುಳು ಒಣಗಿದೆಯೇ ನೋಡಬೇಕು. ಈ ಆರು ಭೇಟಿಗೆ ಒಟ್ಟು 250 ರೂಪಾಯಿ. ಕೆಲಸದ ಅರ್ಥ ಹುಡುಕಿಕೊಂಡು ಅವಳು ಎಲ್ಲಿಗೂ ಹೋಗಬೇಕಿಲ್ಲ. ತಾನು ಉಳಿಸಿದ ಕೂಸು ಬೀದಿಯಲ್ಲಿ ಆಡುವುದನ್ನು ದಿನಾ ನೋಡುತ್ತಾಳೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ದೇಶದ ಆಶಾಗಳನ್ನೆಲ್ಲ ಗೌರವಿಸಿತು. ಮನ್ನಣೆಗೂ ಕಡಿಮೆಯಿಲ್ಲ ಅನ್ನೋಣ. ಹಾಗಿದ್ದೂ 2025ರ ಜನವರಿಯ ಚಳಿಯಲ್ಲಿ ಸಾವಿರಾರು ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಕೂತರು. ತಿಂಗಳಿಗೆ 10,000 ರೂಪಾಯಿಯ ಭರವಸೆ ಸಿಕ್ಕ ಮೇಲೆ ಎದ್ದರು. ಮೊತ್ತದಷ್ಟೇ ಅವರನ್ನು ನೋಯಿಸುವುದು ಇನ್ನೊಂದಿದೆ: ಮಾಡಿದ ಕೆಲಸ ಪೋರ್ಟಲ್ಲಿಗೆ ಏರದಿದ್ದರೆ ಪ್ರೋತ್ಸಾಹಧನವಿಲ್ಲ. ಡೇಟಾ ಎಂಟ್ರಿ ಮಾಡುವವರು ಬೇರೆ, ಕೈತಪ್ಪುವುದು ಇವಳ ದುಡ್ಡು. ಕೂಸು ಬದುಕಿದ್ದು ಊರಿಗೆಲ್ಲ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ.

ವೈದ್ಯಾಧಿಕಾರಿಯ ಕಥೆ ಉಲ್ಟಾ. ಅವರಿಗೆ ಸಂಬಳವಿದೆ, ಹುದ್ದೆಗೆ ಭದ್ರತೆಯಿದೆ. ಆದರೂ ಹಳ್ಳಿಗೆ ಹೋಗುವವರಿಲ್ಲವೆಂದು ಕರ್ನಾಟಕದಲ್ಲಿ 2012ರಲ್ಲಿ ಕಡ್ಡಾಯ ಸೇವೆಯ ಕಾಯ್ದೆಯನ್ನೇ ತರಬೇಕಾಯಿತು. ಇವರೆಲ್ಲ ಸುಖಜೀವಿಗಳು ಎಂದು ಬೈದುಬಿಡುವುದು ಸುಲಭ. ಆದರೆ ಐದೂವರೆ ವರ್ಷ ಓದಿದವರು ರಕ್ತಪರೀಕ್ಷೆಯ ಸಾಮಗ್ರಿ ಇಲ್ಲದೆ, ಲ್ಯಾಬ್ ಟೆಕ್ನೀಷಿಯನ್ ಇಲ್ಲದೆ, ಬಂದವರಿಗೆಲ್ಲ ‘ಜಿಲ್ಲಾಸ್ಪತ್ರೆಗೆ ಹೋಗಿ’ ಎಂದು ಚೀಟಿ ಬರೆದುಕೊಡುತ್ತ ಕೂತರೆ ಕಲಿತ ವಿದ್ಯೆ ತುಕ್ಕು ಹಿಡಿಯುತ್ತದೆ. ಬಾಂಡು ಹಾಕಿ ಆಳನ್ನು ಕೂರಿಸಬಹುದು, ಮನಸ್ಸನ್ನಲ್ಲ. ಕಡ್ಡಾಯ ಸೇವೆಯ ವರ್ಷ ಮುಗಿದ ದಿನವೇ ಅವರು ಗಂಟುಮೂಟೆ ಕಟ್ಟಿದರೆ ಆಶ್ಚರ್ಯವೇನು?

ಇವರಿಬ್ಬರ ನಡುವೆ ಉಪಕೇಂದ್ರದ ಸಿಸ್ಟರ್, ಅಂದರೆ ಎಎನ್‌ಎಂ. ಬಯಲು ಸೀಮೆಯಲ್ಲಾದರೆ 5,000 ಜನಕ್ಕೆ ಒಂದು ಉಪಕೇಂದ್ರ ಎಂಬುದು ನಿಯಮ. ಎರಡೂ ಕೊರತೆಗಳು ಅವಳ ಪಾಲಿಗೆ ಅರ್ಧರ್ಧ ಬಂದಿವೆ. ಲಸಿಕೆ ಹಾಕುವುದಕ್ಕಿಂತ ಅದನ್ನು ರಿಜಿಸ್ಟರಿಗೂ ಆ್ಯಪಿಗೂ ತುಂಬುವುದೇ ಹೆಚ್ಚು ಹೊತ್ತು ತಿನ್ನುತ್ತದೆ.

ಹಾಗಾದರೆ ಹಳ್ಳಿಯಲ್ಲಿ ತೃಪ್ತಿಯಿಂದ ದುಡಿಯುವುದು ಸಂತರಿಗೆ ಮಾತ್ರ ಸಾಧ್ಯವೇ? ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಉದಾಹರಣೆ ಕೊಟ್ಟು ನಾವು ಅವರ ತ್ಯಾಗವನ್ನಷ್ಟೇ ಹೊಗಳುತ್ತೇವೆ. ಆದರೆ ಅಲ್ಲಿ ಬುಡಕಟ್ಟಿನ ಹೆಣ್ಣುಮಕ್ಕಳನ್ನೇ ಎಎನ್‌ಎಂಗಳನ್ನಾಗಿ ತರಬೇತುಗೊಳಿಸಿದ್ದು ನೇಮಕದ ನೀತಿ, ತ್ಯಾಗವಲ್ಲ. ತನ್ನ ಜನರ ನಡುವೆ ದುಡಿಯುವವಳಿಗೆ ವರ್ಗಾವಣೆಯ ಅರ್ಜಿ ನೆನಪಾಗುವುದು ಕಡಿಮೆ. ಸರ್ಕಾರ ಅನುಕರಿಸಬೇಕಾದದ್ದು ಇದನ್ನು. ತ್ಯಾಗವನ್ನು ಸುತ್ತೋಲೆ ಹೊರಡಿಸಿ ತರಲಾಗದು.

ಸಂಬಳ ಕೊಡಬೇಕಾದವರು ತೃಪ್ತಿಯ ಪಾಠ ಹೇಳುವುದನ್ನು ನಿಲ್ಲಿಸಲಿ. ನಿಮ್ಮೂರಿನಲ್ಲೂ ಒಂದು ಗ್ರಾಮ ಆರೋಗ್ಯ ಸಮಿತಿ ಇರಬೇಕು, ಹೆಚ್ಚಾಗಿ ಕಾಗದದ ಮೇಲೆ. ಮುಂದಿನ ಗ್ರಾಮಸಭೆಗೆ ಹೋದಾಗ ಆ ಸಮಿತಿಯವರಿಗೆ ಎರಡೇ ಪ್ರಶ್ನೆ ಕೇಳಿ: ನಮ್ಮ ಆಶಾಗೆ ಹೋದ ತಿಂಗಳ ಹಣ ಪೂರ್ತಿ ಬಂತೇ? ಉಪಕೇಂದ್ರದಲ್ಲಿ ಬಿ.ಪಿ. ಮಾತ್ರೆ ಇದೆಯೇ?