ಹೆಸರು ರೈತಂದು, ರಿಪೇರಿ ಬಿಲ್ಲೂ ರೈತಂದೇ

ಇ20 ಪೆಟ್ರೋಲಿನ ಬಗ್ಗೆ ಬಾಯಿ ಬಿಟ್ಟರೆ ಸಾಕು, "ಕಬ್ಬಿಗೆ ಬೆಲೆ ಬರೋದು ಬೇಡ್ವಾ? ನೀನೆಂಥ ರೈತ?" ಅಂತ ಮೈಮೇಲೆ ಬೀಳ್ತಾರೆ. ನಾನೂ ಕಬ್ಬು ಬೆಳೆಯೋನೇ. ಅದಕ್ಕೇ ಹೇಳ್ತಿದ್ದೀನಿ, ನಮ್ಮ ಹೆಸರು ಹೇಳ್ಕೊಂಡು ನಮ್ಮ ಜೇಬಿಗೇ ಕೈ ಹಾಕಬೇಡಿ.

ಹಳ್ಳೀಲಿ ಹಾಲಿನ ಕ್ಯಾನು, ಹುಲ್ಲಿನ ಹೊರೆ, ಗೊಬ್ಬರದ ಮೂಟೆ ಹೊರೋದು ಹತ್ತು-ಹದಿನೈದು ವರ್ಷದ ಹಳೇ ಗಾಡಿಗಳು. ಎಲ್ಲಾ ಕಾರ್ಬೊರೇಟರ್‌ನವು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದಮೇಲೆ ಬಹುತೇಕ ಬೈಕುಗಳಿಗೆ ಇಂಜೆಕ್ಷನ್ ಬಂತು. ಅದರ ಸೆನ್ಸರ್ ಹೊಗೆ ನೋಡಿ ಪೆಟ್ರೋಲ್ ಹೆಚ್ಚು-ಕಮ್ಮಿ ಮಾಡ್ಕೊಳ್ಳುತ್ತೆ. ಕಾರ್ಬೊರೇಟರ್‌ಗೆ ಆ ಬುದ್ಧಿ ಇಲ್ಲ. ಅದರ ಜೆಟ್ ಅಂದ್ರೆ ಅಳತೆ ಮಾಡಿ ಕೊರೆದ ಒಂದು ತೂತು, ಅಷ್ಟೇ. ಒಂದು ಕೆಜಿ ಪೆಟ್ರೋಲ್ ಉರಿಯೋಕೆ ಸುಮಾರು 14.7 ಕೆಜಿ ಗಾಳಿ ಬೇಕು, ಎಥನಾಲ್‌ಗೆ 9 ಕೆಜಿ ಸಾಕು. ಅದೇ ತೂತಲ್ಲಿ ಇ20 ಹರಿದರೆ ಗಾಳಿ ಜಾಸ್ತಿ, ಇಂಧನ ಕಮ್ಮಿ. ಚಳಿಗಾಲದ ಬೆಳಿಗ್ಗೆ ಗಾಡಿ ಬೇಗ ಸ್ಟಾರ್ಟ್ ಆಗಲ್ಲ, ಮಿಸ್ಸಿಂಗ್ ಹೊಡೆಯುತ್ತೆ, ಇಂಜಿನ್ ಬಿಸಿ ಏರುತ್ತೆ.

ಇನ್ನೊಂದು, ಎಥನಾಲ್ ನೀರು ಹೀರುತ್ತೆ. ನೀರು ಮಿತಿಮೀರಿದರೆ ಎರಡೂ ಸೇರಿ ಪೆಟ್ರೋಲ್‌ನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತೆ. ಕಾಕ್ ಎಳೆಯೋದು ತಳದಿಂದಲೇ ಅಲ್ವಾ? ಟ್ಯಾಂಕಿಗೆ ತುಕ್ಕು, ಬೌಲ್ ಒಳಗೆ ಬಿಳಿ ಪುಡಿ. ಹಳೇ ರಬ್ಬರ್ ಪೈಪು, ಓ-ರಿಂಗು ಉಬ್ಬುತ್ತೆ, ಇಲ್ಲಾ ಬಿರುಕು ಬಿಡುತ್ತೆ.

"ರಬ್ಬರ್ ಭಾಗ ತಾನೇ, ಸರ್ವಿಸ್‌ನಲ್ಲಿ ಬದಲಾಯಿಸಿದ್ರೆ ಆಯ್ತು, ಖರ್ಚು ಕಮ್ಮಿ" ಅಂತ 2025ರಲ್ಲಿ ಕೇಂದ್ರ ಪೆಟ್ರೋಲಿಯಂ ಸಚಿವಾಲಯ ಹೇಳಿತು. ಸರಿ, ಆ ಖರ್ಚು ಯಾರದ್ದು? ಮಿಶ್ರಣ ತೀರ್ಮಾನಿಸಿದ್ದು ಅವರು, ದುಡ್ಡು ಕೊಡೋರು ನಾವು. ನೀತಿ ಆಯೋಗದ 2021ರ ವರದಿಯೇ ಹಳೇ ದ್ವಿಚಕ್ರ ವಾಹನಗಳಿಗೆ ಇ20ಯಿಂದ ಮೈಲೇಜ್ 3-4% ಇಳಿಯುತ್ತೆ ಅಂದಿದೆ. ಲೀಟರಿಗೆ 60 ಕಿ.ಮೀ. ಕೊಡೋ ಗಾಡಿಗೆ ಎರಡು ಕಿ.ಮೀ. ಖೋತಾ. ಹಳೇ ಗಾಡಿಗಳಿಗೆ ಅಂತ ಇ10 ಉಳಿಸಿ ಅಂತಲೂ ಅದೇ ವರದಿ ಹೇಳಿತ್ತು. ಆ ಪುಟ ಮಾತ್ರ ಯಾರೂ ಓದಲಿಲ್ಲ ಅನ್ಸುತ್ತೆ.

ಆಮದು ಉಳಿಯುತ್ತೆ, ವಿದೇಶಿ ವಿನಿಮಯ ಉಳಿಯುತ್ತೆ, ಒಪ್ತೀನಿ. ಎಥನಾಲ್ ಬೇಡ ಅಂತ ನಾನು ಹೇಳ್ತಿಲ್ಲ. ಆದ್ರೆ ಕಬ್ಬಿನ ಎಫ್‌ಆರ್‌ಪಿ ನಿಂತಿರೋದು ಸಕ್ಕರೆ ಇಳುವರಿ ಮೇಲೆ. 2025-26ಕ್ಕೆ 10.25% ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ಎಥನಾಲಿಂದ ನಾವು ಅಷ್ಟು ಉದ್ಧಾರ ಆಗಿದ್ದಿದ್ರೆ, 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ಟನ್ನಿಗೆ 3,500 ಕೊಡಿ ಅಂತ ರೈತರು ರಸ್ತೇಲಿ ಯಾಕೆ ಕೂರಬೇಕಿತ್ತು?

ಹೋರಾಟ ಮುಗಿಯೋವರೆಗೆ ಗಾಡಿ ಓಡಬೇಕಲ್ಲ, ಇಷ್ಟು ಮಾಡಿ:

1. ಎರಡು-ಮೂರು ವಾರ ಗಾಡಿ ನಿಲ್ಲಿಸೋದಾದ್ರೆ ಕಾಕ್ ಬಂದ್ ಮಾಡಿ, ಇಂಜಿನ್ ತಾನಾಗೇ ಆಫ್ ಆಗೋವರೆಗೆ ಓಡಿಸಿ, ಬೌಲ್ ಖಾಲಿಯಾಗಲಿ. ಕಳೆ ಕತ್ತರಿಸೋ ಮಿಷನ್‌ಗೂ ಇದೇ ನಿಯಮ.
2. ಮಳೆಗಾಲದಲ್ಲಿ ಟ್ಯಾಂಕ್ ತುಂಬಿಸಿಡಿ, ಮುಚ್ಚಳದ ವಾಷರ್ ನೋಡಿ. ಮಳೆ ಮುಗಿದಮೇಲೆ ಬೌಲ್‌ನ ಡ್ರೈನ್ ಸ್ಕ್ರೂ ಬಿಚ್ಚಿ ಗಾಜಿನ ಲೋಟಕ್ಕೆ ಹಿಡೀರಿ. ತಳದಲ್ಲಿ ಬೇರೆ ಪದರ ಕಂಡ್ರೆ ಟ್ಯಾಂಕಿಗೂ ನೀರು ಇಳಿದಿದೆ.
3. ಜೆಟ್‌ಗೆ ತಂತಿ ಚುಚ್ಚೋಕೆ ಬಿಡಬೇಡಿ, ತೂತು ದೊಡ್ಡದಾಗುತ್ತೆ. ಗಾಳಿ ಹೊಡೆಸಿ.
4. ಪ್ಲಗ್ ಬಿಚ್ಚಿ ನೋಡಿ. ತಿಳಿ ಕಂದು ಇದ್ದರೆ ಸರಿ. ಬೆಳ್ಳಗಿದ್ದರೆ ಟ್ಯೂನಿಂಗ್ ಮಾಡಿಸಿ.

ಆಯ್ಕೆ ಬೇಕು ಅಂತ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿ 2025ರ ಸೆಪ್ಟೆಂಬರ್‌ನಲ್ಲಿ ವಜಾ ಆಯ್ತು. ಇನ್ನು ಕೇಳಬೇಕಿರೋದು ಸಂಸದರನ್ನೇ. ತಾಲ್ಲೂಕಿಗೆ ಒಂದು ಬಂಕಿನಲ್ಲಾದ್ರೂ ಇ10 ಕೊಡಿ, ಇಲ್ಲಾಂದ್ರೆ ಇಳಿದ ಮೈಲೇಜಿನಷ್ಟು ಇ20 ಬೆಲೆ ಇಳಿಸಿ. ಮುಂದಿನ ಸಲ ಅವರು "ಅನ್ನದಾತ ಈಗ ಇಂಧನದಾತ" ಅಂತ ಭಾಷಣ ಶುರು ಮಾಡಿದಾಗ, ಮೆಕ್ಯಾನಿಕ್ ಕೊಟ್ಟ ಚೀಟಿ ಕೈಲಿ ಹಿಡ್ಕೊಂಡು ಮುಂದಿನ ಸಾಲಲ್ಲೇ ಕೂತಿರಿ.