ಮನೆ ಒಡೆದವರು ಯಾರು?

ಮಗ ಗಿಟಾರ್ ಕಲಿಯೋಕೆ ಶುರು ಮಾಡಿದ ಮೇಲೆ ನಮ್ಮನೆ ಟಿವಿಯಲ್ಲಿ ಧಾರಾವಾಹಿಗಳ ಕಾಲ ಮುಗೀತು. ಹೋದ ತಿಂಗಳು ಅವನು ಹಾಕಿದ್ದು ‘ದ ಬೀಟಲ್ಸ್: ಗೆಟ್ ಬ್ಯಾಕ್’. 2021ರಲ್ಲಿ ಬಂದ ಸಾಕ್ಷ್ಯಚಿತ್ರ. ಮೂರೇ ಕಂತು, ಆದರೆ ಒಟ್ಟು ಏಳೂಮುಕ್ಕಾಲು ಗಂಟೆ! “ಇಷ್ಟುದ್ದ ಯಾರೋ ನೋಡ್ತಾರೆ?” ಅಂತ ಕೇಳಿದವಳು ನಾನೇ. ಅವನು ಮಲಗಿದ ಮೇಲೂ ಕೂತು ನೋಡಿದವಳೂ ನಾನೇ.

ಕಥೆ ಅಂತ ಹೇಳೋಕೆ ದೊಡ್ಡದೇನಿಲ್ಲ. 1969ರ ಜನವರಿ, ಲಂಡನ್. ನಾಲ್ಕು ಜನ ಹುಡುಗರು ಹೊಸ ಹಾಡು ಕಟ್ಟೋಕೆ ಸೇರಿದ್ದಾರೆ. ಹುಡುಗರು ಅಂದಿದ್ದು ಸುಮ್ಮನೆ ಅಲ್ಲ. ಜಾನ್ ಲೆನನ್ ಮತ್ತು ರಿಂಗೋ ಸ್ಟಾರ್‌ಗೆ ಆಗ 28, ಪಾಲ್ ಮೆಕಾರ್ಟ್ನಿಗೆ 26, ಜಾರ್ಜ್ ಹ್ಯಾರಿಸನ್‌ಗೆ ಬರೀ 25. ನಿರ್ದೇಶಕ ಮೈಕಲ್ ಲಿಂಡ್ಸೆ-ಹಾಗ್ ಸುಮಾರು 60 ಗಂಟೆಯಷ್ಟು ಚಿತ್ರಿಸಿಕೊಂಡಿದ್ದರು, 150 ಗಂಟೆಗೂ ಹೆಚ್ಚು ಧ್ವನಿಮುದ್ರಣ ಬೇರೆ. ಅದರಿಂದ 1970ರಲ್ಲಿ ‘ಲೆಟ್ ಇಟ್ ಬಿ’ ಅನ್ನೋ ಚಿಕ್ಕ ಸಿನಿಮಾ ಬಂತು. ಅದು ಬಿಡುಗಡೆಯಾಗೋ ಹೊತ್ತಿಗೆ ತಂಡ ಒಡೆದ ಸುದ್ದಿ ಊರೆಲ್ಲ ಹಬ್ಬಿತ್ತು. ಹಾಗಾಗಿ ನೋಡಿದವರಿಗೆಲ್ಲ ಅದು ಸಾವಿನ ಮನೆಯ ಹಾಗೇ ಕಂಡಿತು. ಉಳಿದ ಸುರುಳಿಗಳು ಪೆಟ್ಟಿಗೆಯಲ್ಲೇ ಇದ್ದವು. ಐವತ್ತು ವರ್ಷದ ಮೇಲೆ ಪೀಟರ್ ಜಾಕ್ಸನ್ ಅದನ್ನೆಲ್ಲ ತೆಗೆದು ಕೂತರು.

ಬೀಟಲ್ಸ್ ಹಾಡು ಗೊತ್ತಿಲ್ಲದವರಿಗೂ ಒಂದು ಮಾತು ಗೊತ್ತಿರುತ್ತೆ: ‘ಆ ಹೆಂಗಸು ಬಂದು ತಂಡ ಒಡೀತು.’ ಆ ಹೆಂಗಸು ಅಂದ್ರೆ ಜಾನ್ ಜೊತೆಗಿದ್ದ ಜಪಾನಿ ಕಲಾವಿದೆ ಯೋಕೋ ಓನೋ. ನಾನೂ ಕಾಲೇಜಿನಲ್ಲಿ ಹಾಗೇ ಕೇಳಿದ್ದೆ, ಹಾಗೇ ನಂಬಿದ್ದೆ.

ಈಗ ನೋಡಿದರೆ ಯೋಕೋ ಏನು ಮಾಡ್ತಿದ್ದಾಳೆ? ಜಾನ್ ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ಪೇಪರ್ ಓದ್ತಾಳೆ. ಬಂದ ಕಾಗದ ಬಿಡಿಸಿ ನೋಡ್ತಾಳೆ. ಗಂಟೆಗಟ್ಟಲೆ ಅಷ್ಟೇ. ಹೌದು, ಕೆಲಸದ ಜಾಗದಲ್ಲಿ ಇಡೀ ದಿನ ಒಬ್ಬರು ಪಕ್ಕದಲ್ಲಿ ಕೂತಿದ್ದರೆ ಮಿಕ್ಕವರಿಗೆ ಕಿರಿಕಿರಿ ಆಗಿರಬಹುದು. ಆದರೆ ಪಾಲ್ ಬಾಯಲ್ಲೇ ಒಂದು ಮಾತು ಬರುತ್ತೆ: ಯೋಕೋ ಆಂಪ್ಲಿಫೈಯರ್ ಮೇಲೆ ಕೂತಿದ್ದಕ್ಕೆ ನಾವು ಬೇರೆಯಾದ್ವಿ ಅಂತ ಇನ್ನು ಐವತ್ತು ವರ್ಷಕ್ಕೆ ಜನ ಹೇಳಿದರೆ ಎಷ್ಟು ತಮಾಷೆ ಅಂತ. ಸರಿಯಾಗಿ ಐವತ್ತು ವರ್ಷ ಜನ ಅದನ್ನೇ ಹೇಳಿದರು.

ಹಾಗಾದ್ರೆ ಬಿರುಕು ಎಲ್ಲಿತ್ತು? ಜನವರಿ 10ರಂದು ಎದ್ದು ಹೋದವರು ಜಾರ್ಜ್. ಕೂಗಾಟವಿಲ್ಲ, ಬಾಗಿಲು ಬಡಿಯೋದಿಲ್ಲ. ಊಟದ ಹೊತ್ತಿಗೆ ನಾನು ಹೊರಟೆ ಅಂತ ಹೇಳಿ ಹೊರಟೇಬಿಟ್ಟರು. ಅದಕ್ಕೆ ಮುಂಚಿನ ದಿನಗಳನ್ನು ನೋಡಿ. ಅವರು ಹೊಸ ಹಾಡು ತಂದು ತೋರಿಸ್ತಾರೆ, ಇಬ್ಬರು ಅಣ್ಣಂದಿರು ಅರ್ಧ ಕಿವಿಯಲ್ಲಿ ಕೇಳಿ ತಮ್ಮ ಹಾಡಿಗೆ ಮರಳ್ತಾರೆ. ಹಾಗೆ ಬದಿಗೆ ಹೋದ ಹಾಡುಗಳಲ್ಲೊಂದು ‘ಆಲ್ ಥಿಂಗ್ಸ್ ಮಸ್ಟ್ ಪಾಸ್’. 1970ರಲ್ಲಿ ಜಾರ್ಜ್ ಹೊರತಂದ ಮೂರು ರೆಕಾರ್ಡುಗಳ ಆಲ್ಬಂಗೆ ಅದೇ ಹೆಸರು. ಇನ್ನೊಂದು ಕಡೆ, ಅವರ ಮ್ಯಾನೇಜರ್ ಬ್ರಯನ್ ಎಪ್‌ಸ್ಟೈನ್ 1967ರಲ್ಲೇ ತೀರಿಕೊಂಡಿದ್ದರು. ಯಜಮಾನ ಹೋದ ಮನೆ ಅದು. ಲೆಕ್ಕಪತ್ರ ಯಾರ ಕೈಯಲ್ಲಿರಬೇಕು ಅನ್ನೋ ಜಗಳ ಮುಂದೆ ಬೆಳೆದು, 1970ರ ಕೊನೆಯ ದಿನ ಪಾಲ್ ಕೋರ್ಟಿಗೆ ಹೋದರು.

ಇದನ್ನು ನೋಡ್ತಾ ನೋಡ್ತಾ ನನಗೆ ನೆನಪಾದದ್ದು ನಮ್ಮ ಊರಿನ ಮನೆ. ಅಪ್ಪ, ದೊಡ್ಡಪ್ಪ ಬೇರೆಯಾದಾಗ ನನಗೆ ಒಂಬತ್ತು ವರ್ಷ. ತೋಟದ ಸಾಲ, ತಾತ ಹೋದ ಮೇಲೆ ಬೀಗದ ಕೈ ಯಾರ ಹತ್ತಿರ ಅನ್ನೋದು, ದೊಡ್ಡಪ್ಪ ಕೇಳದೇ ಮಾರಿದ ಅಡಿಕೆ, ಅಪ್ಪ ಹೇಳದೇ ನುಂಗಿದ ಸಿಟ್ಟು, ಎಲ್ಲ ಇತ್ತು. ಆದರೆ ಊರಲ್ಲಿ ಉಳಿದದ್ದು ಒಂದೇ ಮಾತು: “ಚಿಕ್ಕ ಸೊಸೆ ಬಂದ್ಲು, ಮನೆ ಒಡೀತು.” ಆ ಚಿಕ್ಕ ಸೊಸೆ ನನ್ನ ಅಮ್ಮ. ಮದುವೆ ಮನೆಗಳಲ್ಲಿ ಇವತ್ತಿಗೂ ಯಾರಾದರೂ ನಗ್ತಾ ಅದನ್ನು ಹೇಳ್ತಾರೆ. ಅಮ್ಮನೂ ನಗ್ತಾಳೆ.

ಹಾಗಂತ ಹೊಸ ಚಿತ್ರ ಹೇಳಿದ್ದೆಲ್ಲ ಕೊನೇ ಮಾತು ಅಂತಲೂ ಅಲ್ಲ. 60 ಗಂಟೆಯಲ್ಲಿ ಯಾವ ಎಂಟು ಗಂಟೆ ನಮಗೆ ತೋರಿಸಬೇಕು ಅಂತ ಆರಿಸಿದವರು ಒಬ್ಬರಿದ್ದಾರಲ್ಲ. ನಿರ್ಮಾಪಕರ ಪಟ್ಟಿಯಲ್ಲಿ ಪಾಲ್, ರಿಂಗೋ, ಯೋಕೋ ಮತ್ತು ಜಾರ್ಜ್ ಪತ್ನಿ ಒಲಿವಿಯಾ ಹೆಸರುಗಳಿವೆ. ಮನೆಯವರೇ ಹೇಳಿಸಿದ ಕಥೆ. ಅದೇ ಸುರುಳಿಗಳಿಂದ ಆಗ ಬಂದದ್ದು ಬೇಸರದ ಸಿನಿಮಾ, ಈಗ ಬಂದದ್ದು ನಗುವಿನ ಸಿನಿಮಾ. ಇನ್ನೊಂದು ವಿಷಯ ನನಗೆ ಗಂಟಲಲ್ಲೇ ಉಳೀತು. ಜಾನ್ ಮತ್ತು ಪಾಲ್ ಊಟದ ಕೋಣೆಯಲ್ಲಿ ಜಾರ್ಜ್ ಬಗ್ಗೆ ಮಾತಾಡಿದ್ದನ್ನು, ಹೂವಿನ ಕುಂಡದಲ್ಲಿ ಮೈಕ್ ಬಚ್ಚಿಟ್ಟು ಮುದ್ರಿಸಿಕೊಂಡಿದ್ದರಂತೆ. ಇಡೀ ಚಿತ್ರದಲ್ಲಿ ಅತ್ಯಂತ ಪ್ರಾಮಾಣಿಕ ಮಾತು ಅದೇ. ಕದ್ದು ಕೇಳಿದ್ದೂ ಅದೇ.

ಧಾರಾವಾಹಿ ಆದರೆ ಇನ್ನೂ ಕಷ್ಟ. ಸೆಕ್ಸ್ ಪಿಸ್ತೂಲ್ಸ್ ತಂಡದ ಮೇಲೆ ಡ್ಯಾನಿ ಬಾಯ್ಲ್ 2022ರಲ್ಲಿ ‘ಪಿಸ್ತೂಲ್’ ಮಾಡಿದರು. ಅದು ಗಿಟಾರ್ ನುಡಿಸ್ತಿದ್ದ ಸ್ಟೀವ್ ಜೋನ್ಸ್ ಆತ್ಮಕಥೆ ಆಧರಿಸಿದ್ದು. ಹಾಡುಗಾರ ಜಾನ್ ಲೈಡನ್ ನಮ್ಮ ಹಾಡು ಬಳಸೋ ಹಾಗಿಲ್ಲ ಅಂತ ಹಟ ಹಿಡಿದು, 2021ರಲ್ಲಿ ಲಂಡನ್ ಕೋರ್ಟಿನಲ್ಲಿ ಸೋತರು. ಒಂದೇ ತಂಡ, ಒಬ್ಬನ ನೆನಪು ತೆರೆಗೆ ಬಂತು, ಇನ್ನೊಬ್ಬನದು ಹೊರಗೇ ಉಳೀತು. ಬೀಟಲ್ಸ್ ಬಗ್ಗೆ ಸ್ಯಾಮ್ ಮೆಂಡಿಸ್ ನಾಲ್ಕು ಸಿನಿಮಾ ಘೋಷಿಸಿದ್ದಾರೆ, ಒಬ್ಬೊಬ್ಬರ ಕಣ್ಣಿಂದ ಒಂದೊಂದು. ಇದು ಸ್ವಲ್ಪ ನ್ಯಾಯ ಅನ್ನಿಸ್ತು.

ಕೊನೆಯ ಕಂತಿನಲ್ಲಿ, ಜನವರಿ 30ರ ಚಳಿಯಲ್ಲಿ, ಅವರು ತಮ್ಮ ಆಫೀಸಿನ ತಾರಸಿ ಹತ್ತಿ 42 ನಿಮಿಷ ನುಡಿಸ್ತಾರೆ. ಕೆಳಗೆ ಜನ ಕತ್ತೆತ್ತಿ ನೋಡ್ತಾರೆ, ಪೊಲೀಸರು ಬಾಗಿಲು ತಟ್ತಾರೆ. ಅಷ್ಟು ದಿನ ಮುಖ ತಿರುಗಿಸಿಕೊಂಡವರು ಒಬ್ಬರನ್ನೊಬ್ಬರು ನೋಡಿ ನಗ್ತಾರೆ. ಜನ ಸೇರಿಸಿ ಅವರು ಒಟ್ಟಿಗೆ ನುಡಿಸಿದ್ದು ಅದೇ ಕೊನೆ. ಜಗಳ ಇತ್ತು, ಪ್ರೀತಿಯೂ ಇತ್ತು. ನಮ್ಮಪ್ಪ, ದೊಡ್ಡಪ್ಪ ಪಾಲಾದ ವರ್ಷವೂ ಗದ್ದೆಗೆ ಒಟ್ಟಿಗೇ ಇಳಿದಿದ್ದರು. ಅದನ್ನು ಯಾರೂ ಹೇಳೋದಿಲ್ಲ.

ಮಾರನೇ ದಿನ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. “ಆವತ್ತು ನಮ್ಮನೆಯಲ್ಲೂ ಒಂದು ಕ್ಯಾಮೆರಾ ಇದ್ದಿದ್ರೆ ಚೆನ್ನಾಗಿತ್ತು ಅಲ್ವಾಮ್ಮ? ನಿನ್ನ ತಪ್ಪಿಲ್ಲ ಅಂತ ಎಲ್ಲರಿಗೂ ಗೊತ್ತಾಗ್ತಿತ್ತು.”

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಬೇಡ ಕಣೇ. ಆಗ ನಾನು ನಿಮ್ಮ ದೊಡ್ಡಮ್ಮಂಗೆ ಅಂದಿದ್ದೂ ಅದರಲ್ಲಿ ಬರ್ತಿತ್ತು,” ಅಂದಳು.

ಏನಂದಿದ್ದೆ ಅಂತ ಕೇಳಿದೆ. ಹಾಲು ಉಕ್ಕುತ್ತಿದೆ ಅಂತ ಫೋನ್ ಇಟ್ಟುಬಿಟ್ಟಳು.